ಬೆಳಗಿನ ಅಜ್ಜಿ, ಸಂಜೆಯ ಅಜ್ಜಿ: ಪಾಂಡವಪುರ ಕಡೆಯ ಒಂದು ಮನೆಯ ಪ್ರಕರಣ

ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ವಿಶ್ವೇಶ್ವರಯ್ಯ ನಾಲೆಯ ಕವಲೊಂದು ಊರಿನ ಪಕ್ಕದಲ್ಲೇ ಹರಿಯುತ್ತದೆ. ಎರಡು ಎಕರೆ ಜಮೀನು, ಕಬ್ಬು ಮತ್ತು ಭತ್ತ. ಎರಡು ಹಸು. ಮನೆಯಲ್ಲಿ ಅಜ್ಜಿ, ತಾತ, ಮಗ, ಸೊಸೆ, ಮೊಮ್ಮಗಳು. ಮೊಮ್ಮಗ ಮೈಸೂರಿನ ಹೆಬ್ಬಾಳದ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಾನೆ, ಅಲ್ಲೇ ರೂಮು. ಭಾನುವಾರ ಬೆಳಿಗ್ಗೆ ಬೈಕಿನಲ್ಲಿ ಬಂದು ಮಧ್ಯಾಹ್ನದ ಊಟ ಮುಗಿಸಿ ಹೊರಡುತ್ತಾನೆ. ಅಜ್ಜಿಗೆ 72, ತಾತನಿಗೆ 79, ಸೊಸೆಗೆ 45, ಮೊಮ್ಮಗನಿಗೆ 25, ಪಿಯುಸಿ ಓದುವ ಮೊಮ್ಮಗಳಿಗೆ 17. ಮಗ ಬಸ್ ಕಂಡಕ್ಟರ್, ಪಾಳಿ ಕೆಲಸ, ಮನೆಯಲ್ಲಿ ಸಿಗುವುದು ಕಡಿಮೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಹೆಸರುಗಳನ್ನು ಬರೆದಿಲ್ಲ.

ನಾನು ಮೈಸೂರಿನಿಂದ ವಯಸ್ಸಾದವರಿರುವ ಮನೆಗಳಿಗೆ ಹೋಗಿಬರುವ ಆಪ್ತಸಮಾಲೋಚಕಿ. ಈ ಮನೆಗೆ ನನ್ನನ್ನು ಕರೆಸಿದ್ದು ಮೊಮ್ಮಗ. "ಮೇಡಂ, ನಮ್ಮ ಅಜ್ಜಿಗೆ ಡಿಮೆನ್ಷಿಯಾ. ತಾತಂಗೆ ಅರ್ಥ ಮಾಡಿಸ್ಬೇಕು, ಬರ್ತೀರಾ?" ಅಂತ ಫೋನ್ ಮಾಡಿದ್ದ. ಡಿಮೆನ್ಷಿಯಾ ಅಂದರೆ ನೆನಪು, ಯೋಚನೆ, ದಿನದ ಕೆಲಸ ಮಾಡುವ ಶಕ್ತಿ ಕುಂದುತ್ತಾ ಹೋಗುವ ಮಿದುಳಿನ ಕಾಯಿಲೆ. ಹೋದಾಗ ತಾತ ಜಗುಲಿಯ ಮೇಲೆ ಕೂರಿಸಿಕೊಂಡು, "ಅವ್ಳಿಗೆ ಏನೂ ಆಗಿಲ್ಲ ಕಣವ್ವ, ವಯಸ್ಸಾಯ್ತು. ಈ ಹುಡ್ಗಂಗೆ ಒಸಿ ಬುದ್ಧಿ ಹೇಳಿ ಹೋಗು" ಅಂದರು. ಇಬ್ಬರಿಗೂ ನಾನು ಬೇಕಾಗಿದ್ದು ಇನ್ನೊಬ್ಬರಿಗೆ ಪಾಠ ಹೇಳಲಿಕ್ಕೆ. ಸೊಸೆ ಕಾಫಿ ಕೊಟ್ಟು ಒಳಗೆ ಹೋದರು. ಆವತ್ತು ಅವರ ಬಾಯಿಂದ ಒಂದು ಮಾತೂ ಬರಲಿಲ್ಲ.

ಕರೆಸಲು ಕಾರಣವಾದ ಘಟನೆ ಇಷ್ಟು. ಹಿಂದಿನ ವಾರ ಸಂಜೆ ಅಜ್ಜಿ ಮನೆಯಲ್ಲಿ ಕಾಣಲಿಲ್ಲ. ಕಬ್ಬು ಕಡಿದು ಲಾರಿಗೆ ತುಂಬುತ್ತಿದ್ದ ಆಳುಗಳು ನಾಲೆ ಏರಿಯ ಮೇಲೆ ಒಬ್ಬರೇ ನಡೆದುಹೋಗುತ್ತಿದ್ದ ಅಜ್ಜಿಯನ್ನು ಕಂಡು ಮನೆಗೆ ತಂದುಬಿಟ್ಟರು. ಕೈಯಲ್ಲಿ ಬಟ್ಟೆಯ ಗಂಟು. "ನಮ್ಮೂರಿಗೆ ಹೋಯ್ತಿದೀನಿ, ಹಸ ಕಟ್ಟಾಕ್ಬೇಕು, ನಮ್ಮವ್ವ ಬೈತಾಳೆ" ಅಂದರಂತೆ. ಅವರ ಅವ್ವ ತೀರಿಕೊಂಡು ನಲವತ್ತು ವರ್ಷದ ಮೇಲಾಗಿದೆ. ಶ್ರಾವಣದ ದಿನಗಳು, ನಾಲೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು.

ಯಾವಾಗಿಂದ ಹೀಗೆ?

ಮೈಸೂರಿನ ಒಂದು ಆಸ್ಪತ್ರೆಯ ನರರೋಗ ವಿಭಾಗಕ್ಕೆ ಎಲ್ಲರೂ ಹೋದೆವು. ಡಾಕ್ಟರು ಮೊದಲು ಕೇಳಿದ್ದು ಇದನ್ನೇ: ಯಾವಾಗಿಂದ ಹೀಗೆ?

ತಾತ ಹೇಳಿದರು, "ಈ ಉಗಾದಿಯಿಂದ ಈಚ್ಗೆ." ಮೊಮ್ಮಗ ಹೇಳಿದ, "ಒಂದು ವರ್ಷ ಆಗಿರ್ಬೇಕು ಸಾರ್. ಫೋನಲ್ಲಿ ಒಂದೇ ಮಾತನ್ನ ಎರಡೆರಡು ಸಲ ಕೇಳೋಕೆ ಶುರು ಮಾಡಿದ್ರು." ಇಬ್ಬರೂ ಅವರವರ ಲೆಕ್ಕದಲ್ಲಿ ಸರಿಯೇ. ಹಿಂದೆ ನಿಂತಿದ್ದ ಸೊಸೆ ಆಮೇಲೆ ಮೆಲ್ಲಗೆ ಹೇಳಿದರು. "ಮೂರು ವರ್ಷ ಆಯ್ತು ಸಾರ್. ಅತ್ತೆ ಮುದ್ದೆ ಕಟ್ಟೋದು ಬಿಟ್ಟು." ಡಾಕ್ಟರು ಕುರ್ಚಿ ತಿರುಗಿಸಿ ಅವರ ಕಡೆ ಕೂತರು. ಅಲ್ಲಿಂದ ಮುಂದೆ ಪ್ರಶ್ನೆಯೆಲ್ಲ ಸೊಸೆಗೇ.

ಮುದ್ದೆಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಂಡ್ಯದ ಮನೆಯಲ್ಲಿ ಮುದ್ದೆ ಕಟ್ಟುವುದು ಕಣ್ಣು ಮುಚ್ಚಿ ಮಾಡುವ ಕೆಲಸ. ಎಸರು ಇಡಬೇಕು, ಅದು ಕುದಿಯಬೇಕು, ಹಿಟ್ಟು ಹಾಕಬೇಕು, ಅಷ್ಟು ಹೊತ್ತು ಬೇಯಲು ಬಿಡಬೇಕು, ಆಮೇಲೆ ಕೋಲಿನಿಂದ ತಿರುವಬೇಕು, ಕೈ ಒದ್ದೆ ಮಾಡಿಕೊಂಡು ಕಟ್ಟಬೇಕು. ಐವತ್ತು ವರ್ಷ ಅಜ್ಜಿ ಇದನ್ನು ದಿನಕ್ಕೆರಡು ಹೊತ್ತು ಮಾಡಿದ್ದಾರೆ. ಮೂರು ವರ್ಷದ ಹಿಂದೆ ಒಂದು ರಾತ್ರಿ ಎಸರು ಕೊತಕೊತ ಕುದಿಯುತ್ತಿದೆ, ಕೈಯಲ್ಲಿ ಹಿಟ್ಟಿನ ಬಟ್ಟಲಿದೆ, ಅಜ್ಜಿ ಸುಮ್ನೆ ನಿಂತಿದ್ದಾರೆ. "ಅತ್ತೆ, ಹಿಟ್ಟು ಹಾಕಿ" ಅಂದರೆ ಹಾಕಿದರು. ಮತ್ತೆ ನಿಂತರು. "ತಿರುವಿ" ಅಂದರೆ ತಿರುವಿದರು. ಮಾರನೇ ದಿನ ಎಸರು ಕುದಿಯುವ ಮೊದಲೇ ಹಿಟ್ಟು ಸುರಿದು ಗಂಟಾಯಿತು. ಒಂದು ವಾರ ಕಳೆದ ಮೇಲೆ ಅಜ್ಜಿಯೇ "ನಂಗೆ ತೋಳು ನೋವು, ನೀನೇ ಕಟ್ಟವ್ವ" ಅಂದುಬಿಟ್ಟರು. ಮನೆಯವರು ತೋಳುನೋವಿಗೆ ಎಣ್ಣೆ ತಂದುಕೊಟ್ಟರು.

ಅಜ್ಜಿಗೆ ಮುದ್ದೆ ಮರೆತಿರಲಿಲ್ಲ. ಒಂದಾದ ಮೇಲೆ ಒಂದು ಏನು ಮಾಡಬೇಕು ಅನ್ನುವ ಕ್ರಮ ಕೈತಪ್ಪಿತ್ತು. ಈ ಕಾಯಿಲೆ ಅಂದರೆ ಬರೀ ಮರೆವು ಅಂದುಕೊಂಡವರಿಗೆ ಇದು ಕಾಣುವುದಿಲ್ಲ. ಕೆಲಸದ ಕ್ರಮ, ದಿಕ್ಕು, ಮಾತಿಗೆ ಪದ ಸಿಗುವುದು, ತೀರ್ಮಾನ, ಸ್ವಭಾವ, ಇದರಲ್ಲಿ ಯಾವುದು ಬೇಕಾದರೂ ಮೊದಲು ಕೆಡಬಹುದು. ತಾತ ಗದ್ದೆಯಿಂದ ಬಂದು ತಟ್ಟೆಯ ಮುಂದೆ ಕೂರುತ್ತಿದ್ದರು, ಮುದ್ದೆ ಬರುತ್ತಿತ್ತು. ಕಟ್ಟಿದವರು ಯಾರು ಅಂತ ಅವರು ನೋಡಲಿಲ್ಲ. ಮೊಮ್ಮಗನಂತೂ ಊರಲ್ಲೇ ಇರಲಿಲ್ಲ.

ಈ ಮನೆಯಲ್ಲಿ ನಾನು ಕಂಡಿದ್ದು ಇದೇ. ಹಿರಿಯರಿಗೆ ತಿಳಿವಳಿಕೆ ಇಲ್ಲ, ಹುಡುಗರಿಗಿದೆ ಅನ್ನುವ ಲೆಕ್ಕ ಇಲ್ಲಿ ಕೂಡಲಿಲ್ಲ. ಒಬ್ಬೊಬ್ಬರೂ ಅಜ್ಜಿಯನ್ನು ದಿನದ ಒಂದೊಂದು ಹೊತ್ತಿನಲ್ಲಿ ನೋಡುತ್ತಿದ್ದರು, ಆ ಹೊತ್ತಿಗೆ ತಕ್ಕಂಥ ತಿಳಿವಳಿಕೆ ಕಟ್ಟಿಕೊಂಡಿದ್ದರು. ತಾತನಿಗೆ ಹೆಚ್ಚಾಗಿ ಸಿಗುತ್ತಿದ್ದುದು ಬೆಳಗಿನ ಅಜ್ಜಿ. ಕಸ ಗುಡಿಸಿ, ರಂಗೋಲಿ ಬಿಟ್ಟು, ಹಸುವಿನ ಮೈ ತೊಳೆಯುವ ಅಜ್ಜಿ. ಮೊಮ್ಮಗನಿಗೆ ಸಿಗುತ್ತಿದ್ದುದು ಭಾನುವಾರ ಹನ್ನೊಂದು ಗಂಟೆಯ ಅಜ್ಜಿ ಮತ್ತು ಫೋನಿನ ಅಜ್ಜಿ. ಆರು ಗಂಟೆಯ ಅಜ್ಜಿಯನ್ನು ದಿನವೂ ಗಮನಿಸಿ ನೋಡಿದವರು ಸೊಸೆ ಒಬ್ಬರೇ. ಕಾಯಿಲೆ ಸಂಜೆ ಹೊತ್ತಿಗೆ ಜಾಸ್ತಿಯಾಗುವುದು ಬಹಳ ಮಂದಿಯಲ್ಲಿ ಕಾಣುತ್ತದೆ. ದಿನವಿಡೀ ಆದ ಆಯಾಸ, ಹಗಲು ರಾತ್ರಿಯ ಗಡಿಯಾರ ಮೈಯೊಳಗೆ ಏರುಪೇರಾಗುವುದು, ಮಬ್ಬು ಬೆಳಕು, ಸರಿಯಾಗಿ ಕಾಣದ ಕೇಳದ ಗೊಂದಲ, ಎಲ್ಲ ಸೇರುತ್ತದೆ.

ತಾತನ ಲೆಕ್ಕ

ಅರವತ್ತಕ್ಕೆ ಅರಳುಮರಳು ಅಂತ ಗಾದೆಯೇ ಇದೆಯಲ್ಲ, ತಾತ ಅಲ್ಲಿಗೇ ನಿಂತಿದ್ದರು. ಅವರ ಅವ್ವನೂ ಕೊನೆಗೆ ಹೀಗೇ ಆಗಿದ್ದರಂತೆ, ಅತ್ತೆಯೂ ಹಾಗೇ. "ಎಲ್ಲಾರ್ಗೂ ಬರಾದೆ." ಈ ಮಾತಿಗೆ ನಗುವ ಹಾಗಿಲ್ಲ. ಅಂತರರಾಷ್ಟ್ರೀಯ ಆಲ್‌ಝೈಮರ್ ಒಕ್ಕೂಟದ 2024ರ ವರದಿ ಪ್ರಕಾರ, ಸಮೀಕ್ಷೆಯಲ್ಲಿ ಉತ್ತರಿಸಿದ ಸಾಮಾನ್ಯ ಜನರಲ್ಲಿ ನೂರಕ್ಕೆ 80 ಮಂದಿ ಡಿಮೆನ್ಷಿಯಾ ವಯಸ್ಸಾದರೆ ಬರುವ ಸಹಜ ಸ್ಥಿತಿ ಅಂದುಕೊಂಡಿದ್ದಾರೆ. ವೈದ್ಯಕೀಯ ಮತ್ತು ಆರೈಕೆ ಕೆಲಸದವರಲ್ಲೇ ನೂರಕ್ಕೆ 65. ಈ ಮನೆಯವರು ಎರಡು ವರ್ಷದ ಹಿಂದೆ ಹತ್ತಿರದ ಒಬ್ಬ ವೈದ್ಯರ ಹತ್ತಿರ ಹೋದಾಗಲೂ ಸಿಕ್ಕಿದ್ದು "ವಯಸ್ಸಾಯ್ತು ಬಿಡಿ" ಅನ್ನುವ ಮಾತು ಮತ್ತು ಒಂದು ಟಾನಿಕ್ಕು. ಬಿಪಿ ನೋಡಲಿಲ್ಲ.

ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ ಸುಮಾರು 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ ಅಂತ 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನ ಹೇಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಜಾಸ್ತಿ. ತಿರುಗಿಸಿ ನೋಡಿದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಇಲ್ಲ. ತಾತನಿಗೇ 79, ಅವರಿಗೆ ಕಬ್ಬಿನ ಟನ್ನು, ರೇಟು, ಮೂರು ವರ್ಷದ ಹಿಂದಿನ ಬಾಕಿ ಎಲ್ಲ ಬಾಯಿಪಾಠ. ಅದನ್ನೇ ಅವರಿಗೆ ಹೇಳಿದೆ. "ನಾನು ಗಂಡ್ಸು" ಅಂದರು! ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ತಾತನ ಲೆಕ್ಕದಿಂದ ಆದ ನಷ್ಟ ದೊಡ್ಡದು. ಅಜ್ಜಿಯ ಬಿಪಿ ಏರಿತ್ತು, ಮೂರು ವರ್ಷ ಯಾರೂ ನೋಡಿರಲಿಲ್ಲ. ಕಿವಿ ಮಂದವಾಗಿತ್ತು. ರಕ್ತದಲ್ಲಿ ವಿಟಮಿನ್ ಬಿ12 ತೀರಾ ಕಡಿಮೆ ಇತ್ತು. ಬಿ12 ಕೊರತೆ, ಥೈರಾಯ್ಡ್ ಮಂದವಾಗುವುದು, ಖಿನ್ನತೆ, ಕೆಲವು ಮಾತ್ರೆಗಳ ಅಡ್ಡಪರಿಣಾಮ ಇವೆಲ್ಲ ಡಿಮೆನ್ಷಿಯಾದ ಹಾಗೇ ಕಾಣಬಹುದು, ಚಿಕಿತ್ಸೆಯಿಂದ ಸುಧಾರಿಸಬಹುದು. ವಯಸ್ಸು ಅಂತ ಸುಮ್ಮನಾದರೆ ಅದನ್ನು ಹುಡುಕುವವರೇ ಇರುವುದಿಲ್ಲ.

ಆದರೆ ಅದೇ ಲೆಕ್ಕದಿಂದ ಒಂದು ಒಳ್ಳೆಯದೂ ಆಗಿತ್ತು. ವಯಸ್ಸು ತಾನೇ ಅಂದುಕೊಂಡ ತಾತ ಅಜ್ಜಿಯನ್ನು ಯಾರಿಂದಲೂ ಮುಚ್ಚಿಡಲಿಲ್ಲ. ಸಂಜೆ ಅರಳಿಕಟ್ಟೆಗೆ ಹೋದರೆ ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ಅಜ್ಜಿ ಗಂಟು ಕಟ್ಟಿಕೊಂಡು "ನಮ್ಮೂರಿಗೆ ಹೋಗ್ಬೇಕು" ಅಂದರೆ ತಾತ, "ಕತ್ಲಾಯ್ತಲ್ಲಮ್ಮಿ, ಬೆಳಿಗ್ಗೆ ಮೊದಲ್ನೆ ಬಸ್ಗೆ ಹೋಗಾವ. ಒಂದು ಎಲೆ ಅಡ್ಕೆ ಮಡ್ಚು" ಅನ್ನುತ್ತಿದ್ದರು. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಾ ಕೂರುವರು, ಊರು ಮರೆಯುವುದು. ಎದುರು ವಾದಿಸದೆ ಮನಸ್ಸನ್ನು ಬೇರೆ ಕಡೆ ತಿರುಗಿಸಿ ಅಂತ ನಾವು ತರಬೇತಿಯಲ್ಲಿ ಗಂಟೆಗಟ್ಟಲೆ ಹೇಳಿಕೊಡುವ ವಿದ್ಯೆ ಇದು. ನಾಲೆ ಏರಿಯ ಘಟನೆ ನಡೆದಿದ್ದು ತಾತ ಸಂಬಂಧಿಕರ ತಿಥಿಗೆಂದು ಬೇರೆ ಊರಿಗೆ ಹೋಗಿದ್ದ ದಿನ.

ಮೊಮ್ಮಗನ ಲೆಕ್ಕ

ಮೊಮ್ಮಗ ಓದಿಕೊಂಡಿದ್ದ. ಡಿಮೆನ್ಷಿಯಾಗೆ ಬಹಳ ಸಲ ಕಾರಣವಾಗುವ ಆಲ್‌ಝೈಮರ್ ಕಾಯಿಲೆಯನ್ನು ಜರ್ಮನಿಯ ಡಾಕ್ಟರ್ ಅಲೋಯಿಸ್ ಆಲ್‌ಝೈಮರ್ 1906ರಲ್ಲಿ ಮೊದಲು ವಿವರಿಸಿದ್ದು, ಮಿದುಳಲ್ಲಿ ಸೇರಿಕೊಳ್ಳುವ ಅಮಿಲಾಯ್ಡ್ ಅನ್ನುವ ಪ್ರೋಟೀನು, ಎಲ್ಲ ಗೊತ್ತು. ತೊಂದರೆ ಏನೆಂದರೆ, ಅವನಿಗೆ ಕಾಯಿಲೆ ಗೊತ್ತಿತ್ತು, ಆ ಕಾಯಿಲೆ ಇರುವವರ ಜೊತೆ ಒಂದು ಸಂಜೆ ಕಳೆಯುವುದು ಗೊತ್ತಿರಲಿಲ್ಲ.

ಭಾನುವಾರ ಬಂದವನು ಕೇಳುತ್ತಿದ್ದ. "ಅಜ್ಜಿ, ಇವತ್ತು ಯಾವ ವಾರ? ಬೆಳಿಗ್ಗೆ ಏನು ತಿಂದ್ರಿ? ನಾನು ಯಾರು ಹೇಳಿ?" ಅಜ್ಜಿಗೆ ಉತ್ತರ ಬಾರದಿದ್ದರೆ ತಿದ್ದುತ್ತಿದ್ದ. "ಇಲ್ಲ ಅಜ್ಜಿ, ನೆನಪು ಮಾಡ್ಕೊಳ್ಳಿ." ಮಿದುಳಿಗೆ ವ್ಯಾಯಾಮ ಅನ್ನುವುದು ಅವನ ನಂಬಿಕೆ. ಅವನು ಹೊರಟ ಮೇಲೆ ಅಜ್ಜಿ ಇಡೀ ಮಧ್ಯಾಹ್ನ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ ಅಂತ ಸೊಸೆ ಹೇಳಿದರು. ಮಗನಿಗೆ ಆಕೆ ಇದನ್ನು ಹೇಳಿರಲಿಲ್ಲ, ಓದಿದ ಮಗ, ತಿಳಿದೇ ಮಾಡುತ್ತಿದ್ದಾನೆ ಅಂತ.

ಒಮ್ಮೆ ಫೋನಿನಿಂದ 30 ಅಂಕದ ಪರೀಕ್ಷೆ ಇಳಿಸಿಕೊಂಡು ಅಜ್ಜಿಗೆ ಕೊಟ್ಟಿದ್ದ. ಬಂದಿದ್ದು 11. ಆ ಅಂಕವನ್ನು ಮನೆಯ ವಾಟ್ಸಾಪ್ ಗುಂಪಿಗೂ ಹಾಕಿದ್ದ. ಅದು 1975ರಲ್ಲಿ ಅಮೆರಿಕದಲ್ಲಿ ರೂಪಿಸಿದ ಪರೀಕ್ಷೆ. ಒಂದು ವಾಕ್ಯ ಬರೆಯಬೇಕು, ಒಂದರ ಮೇಲೊಂದು ಬರುವ ಐದು ಮೂಲೆಯ ಎರಡು ಆಕಾರ ನೋಡಿ ಬರೆಯಬೇಕು. ಅಜ್ಜಿ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಪೆನ್ಸಿಲ್ ಹಿಡಿದವರಲ್ಲ. ಓದುಬರಹ ಬಾರದವರಿಗೆ ಇಂಥ ಪರೀಕ್ಷೆ ಅನ್ಯಾಯ ಮಾಡುತ್ತದೆ ಅಂತಲೇ 1990ರ ದಶಕದಲ್ಲಿ ಹರಿಯಾಣದ ಬಲ್ಲಭಗಡದ ಹಳ್ಳಿಗರಿಗಾಗಿ ಹಿಂದಿಯಲ್ಲಿ ಬೇರೆಯದನ್ನೇ ಸಿದ್ಧಮಾಡಿದರು. ಮೊಮ್ಮಗನ ಹಾಳೆ ನೋಡಿದೆ. "ಈಗ ಯಾವ ತಿಂಗಳು?" ಅನ್ನುವುದಕ್ಕೆ ಅಜ್ಜಿ "ಆಷಾಢ ಕಳ್ದು ಶ್ರಾವಣ ಬಂತಲ್ಲ" ಅಂದಿದ್ದರು. ಅದು ಸರಿಯಾದ ಉತ್ತರ. ಆಗಸ್ಟ್ ಅನ್ನಲಿಲ್ಲ ಅಂತ ಸೊನ್ನೆ ಹಾಕಿದ್ದ.

ಹಾಗಂತ ಅಜ್ಜಿಗೆ ಕಾಯಿಲೆ ಇರಲಿಲ್ಲವಾ ಅಂದರೆ, ಇತ್ತು. ಸ್ಕ್ಯಾನ್, ರಕ್ತಪರೀಕ್ಷೆ ಆಯಿತು. ಅದಕ್ಕಿಂತ ಹೆಚ್ಚಾಗಿ ಮೂರು ವರ್ಷದ ಹಿಂದೆ ಏನು ಮಾಡುತ್ತಿದ್ದರು, ಈಗ ಏನು ಮಾಡಲಾರರು ಅಂತ ಡಾಕ್ಟರು ಸೊಸೆಯಿಂದ ಒಂದೊಂದಾಗಿ ಕೇಳಿ ತಿಳಿದುಕೊಂಡರು. ಆಲ್‌ಝೈಮರ್ ಜೊತೆಗೆ ಮಿದುಳಿನ ಸಣ್ಣ ರಕ್ತನಾಳಗಳ ತೊಂದರೆಯೂ ಸೇರಿದ ಮಿಶ್ರ ಡಿಮೆನ್ಷಿಯಾ ಅಂದರು. ಬಿಪಿಗೆ ಮಾತ್ರೆ, ಬಿ12ಗೆ ಇಂಜೆಕ್ಷನ್, ಡಿಮೆನ್ಷಿಯಾಗೆ ಡೋನೆಪೆಜಿಲ್ ಅನ್ನುವ ಮಾತ್ರೆ, 5 ಮಿಲಿಗ್ರಾಂನಿಂದ ಶುರು. ಡೋನೆಪೆಜಿಲ್ ಕಾಯಿಲೆ ನಿಲ್ಲಿಸುವುದಿಲ್ಲ. ಕೆಲವರಿಗೆ ಒಂದಷ್ಟು ಕಾಲ ಸ್ವಲ್ಪ ಅನುಕೂಲವಾಗುತ್ತದೆ, ಅಷ್ಟೇ. ಮೊಮ್ಮಗ ಲೆಕೆನೆಮ್ಯಾಬ್ ಬಗ್ಗೆ ಕೇಳಿದ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಸಿಕ್ಕ ಔಷಧ ಅದು. ಅದು ಕಾಯಿಲೆಯ ತೀರಾ ಮೊದಲ ಹಂತದವರಿಗೆ, ಮಿದುಳಲ್ಲಿ ಅಮಿಲಾಯ್ಡ್ ಇರುವುದು ಖಚಿತವಾದವರಿಗೆ ಮಾತ್ರ. ಅದೂ ಇಳಿತದ ವೇಗವನ್ನು ಒಂದಿಷ್ಟು ತಗ್ಗಿಸುತ್ತದೆ, ಮಿದುಳು ಊದಿಕೊಳ್ಳುವ, ರಕ್ತ ಒಸರುವ ಅಪಾಯವೂ ಇದೆ. ಅಜ್ಜಿಗೆ ಹೊಂದುವುದಿಲ್ಲ ಅಂದಾಗ ಅವನ ಮುಖ ಸಪ್ಪಗಾಯಿತು. ತಾತ ಮಾತ್ರ ತಮ್ಮ ಪಾಡಿಗೆ ಒಂದೆಲಗ ಕಿತ್ತು ತಂದು ಚಟ್ನಿ ಮಾಡಿಸುತ್ತಿದ್ದರು. ಕಾಯಿಲೆ ವಾಸಿಯಾಗುತ್ತದೆ ಅನ್ನಲು ಆಧಾರವಿಲ್ಲ, ಊಟದ ಜೊತೆ ಚಟ್ನಿಯಾಗಿ ತಿಂದರೆ ತೊಂದರೆಯೂ ಇಲ್ಲ. ಬಿಡಿ ಅಂತ ನಾನು ಹೇಳಲಿಲ್ಲ.

ಇನ್ನೊಂದು ಸಂಗತಿ ಹೊರಬರಲು ಸ್ವಲ್ಪ ದಿನ ಹಿಡಿಯಿತು. ಮೊಮ್ಮಗನಿಗೆ ಹೆಣ್ಣು ನೋಡುತ್ತಿದ್ದರು. ಡಿಮೆನ್ಷಿಯಾ ಅನ್ನುವ ಮಾತು ಹೆಣ್ಣಿನ ಕಡೆಯವರ ಕಿವಿಗೆ ಬೀಳಬಾರದು ಅಂತ ಅವನ ಹಟ. ಅವರು ಬರುವ ದಿನ ಅಜ್ಜಿಯನ್ನು ಚಿಕ್ಕಮ್ಮನ ಮನೆಗೆ ಕಳಿಸೋಣ ಅಂದಿದ್ದ. ಹೆಸರು ಗೊತ್ತಿದ್ದವನಿಗೇ ನಾಚಿಕೆ, ಹೆಸರು ಗೊತ್ತಿಲ್ಲದ ತಾತನಿಗೆ ಇಲ್ಲ. ಇದು ನನಗೆ ಆಶ್ಚರ್ಯ ಅನ್ನಿಸಲಿಲ್ಲ. ವಯಸ್ಸು ಅಂದರೆ ಎಲ್ಲರ ಮನೆಯಲ್ಲೂ ಇರುವುದು. ಕಾಯಿಲೆ ಅಂದರೆ ನಮ್ಮ ಮನೆಗೆ ಮಾತ್ರ ಬಂದಿದ್ದು, ವಂಶದಲ್ಲಿ ಇಳಿಯುವುದು. ಅವನ ಭಯ ಅದೇ ಆಗಿತ್ತು. ಒಂದು ಸಲ ನೇರವಾಗಿಯೇ ಕೇಳಿದ. "ನಂಗೂ ಬರುತ್ತಾ ಮೇಡಂ? ಜೀನ್ ಟೆಸ್ಟ್ ಮಾಡಿಸ್ಲಾ?"

ಮುಪ್ಪಿನಲ್ಲಿ ಬರುವ ಆಲ್‌ಝೈಮರ್‌ಗೆ ವಂಶದ ಪಾಲು ಸ್ವಲ್ಪ ಇದೆ, ಆದರೆ ಅಜ್ಜಿಗೆ ಬಂದಿದ್ದು ಮೊಮ್ಮಗನಿಗೆ ಬಂದೇ ಬರುತ್ತದೆ ಅಂತ ಯಾವ ಪರೀಕ್ಷೆಯೂ ಹೇಳಲಾರದು ಅಂದೆ. ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿ 14 ಅಪಾಯಗಳನ್ನು ಪಟ್ಟಿ ಮಾಡಿದೆ. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ಸಿಗರೇಟು, ಕಿವಿ ಮಂದ, ದೃಷ್ಟಿ ಮಂದ, ಒಂಟಿತನ, ಓದಿಲ್ಲದಿರುವುದು, ತಲೆಗೆ ಪೆಟ್ಟು, ಗಾಳಿಯ ಹೊಗೆ ಹೀಗೆ. ಇವನ್ನೆಲ್ಲ ಸರಿಪಡಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ನೂರಕ್ಕೆ 45ರಷ್ಟನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಅನ್ನುವ ಅಂದಾಜು. ನಮ್ಮ ಮೈಸೂರಿನ ಮಿಷನ್ ಆಸ್ಪತ್ರೆಯ ವಿಷಯವನ್ನೂ ಹೇಳಿದೆ. ಅಲ್ಲಿ 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಆ ದಾಖಲೆ ಹಿಡಿದು, ಅಲ್ಲಿ ಹುಟ್ಟಿ ಈಗ ಮುದುಕರಾದವರನ್ನು ಹುಡುಕಿ, ಹುಟ್ಟಿದಾಗಿನ ಬೆಳವಣಿಗೆಗೂ ಮುಪ್ಪಿನ ನೆನಪಿನ ಶಕ್ತಿಗೂ ಇರುವ ನಂಟನ್ನು ಸಂಶೋಧಕರು ಹುಡುಕಿದ್ದಾರೆ. ಇಡೀ ಬದುಕು ಇದರಲ್ಲಿ ಸೇರುತ್ತದೆ, ಜೀನು ಒಂದೇ ಅಲ್ಲ ಅನ್ನುವುದು ಅವನಿಗೆ ತಟ್ಟಿದ್ದು ಆಗ. ಹೆಲ್ಮೆಟ್ ಹಾಕಿಕೊಂಡು ಬೈಕ್ ಓಡಿಸು, ಬಿಪಿ ನೋಡಿಸಿಕೋ ಅಂದೆ. ನಕ್ಕ.

ಹದಿನೇಳರ ಹುಡುಗಿ ಮತ್ತು ಪಕ್ಕದ ಮನೆಯ ದೊಡ್ಡಮ್ಮ

ಹುಡುಗರೆಲ್ಲ ಒಂದೇ ಥರ ಅಂತ ಬರೆದರೆ ಮೊಮ್ಮಗಳಿಗೆ ಅನ್ಯಾಯವಾಗುತ್ತದೆ. ಅವಳು ಡಿಮೆನ್ಷಿಯಾ ಬಗ್ಗೆ ಏನೂ ಓದಿರಲಿಲ್ಲ. ಅಜ್ಜಿ ಜೊತೆ ಒಂದೇ ಕೋಣೆಯಲ್ಲಿ ಮಲಗುತ್ತಿದ್ದಳು, ಎರಡು ಗಂಟೆಗೆ ಎದ್ದ ಅಜ್ಜಿಯನ್ನು ಬಚ್ಚಲಿಗೆ ಕರೆದುಕೊಂಡು ಹೋಗುತ್ತಿದ್ದಳು. ಆದರೆ ಗೆಳತಿಯರನ್ನು ಮನೆಗೆ ಕರೆಯುವುದು ನಿಲ್ಲಿಸಿಬಿಟ್ಟಿದ್ದಳು. ತರಗತಿಯಲ್ಲಿ ತೂಕಡಿಕೆ.

ಹಿರಿಯರೂ ಒಂದೇ ಥರ ಅಲ್ಲ. ಪಕ್ಕದ ಮನೆಯ ದೊಡ್ಡಮ್ಮನಿಗೆ ತಾತನ ವಯಸ್ಸಿನ ಲೆಕ್ಕ ಒಪ್ಪಿಗೆಯಿರಲಿಲ್ಲ. "ಯಾರೋ ಮಾಡ್ಸವ್ರೆ" ಅಂತ ತಾಯತ ತಂದು ಅಜ್ಜಿಯ ತೋಳಿಗೆ ಕಟ್ಟಿದ್ದರು. ಯಾರು ಮಾಡಿಸಿದ್ದು ಅನ್ನುವ ಅನುಮಾನ ತಿರುಗಿದ್ದು ಸೊಸೆಯ ಕಡೆ.

ಕಾರಣ ಓಲೆ. ಅಜ್ಜಿ ಕಿವಿಯ ಓಲೆ ಬಿಚ್ಚಿ ಎಲ್ಲೋ ಇಟ್ಟರು, ಎಲ್ಲಿ ಅಂತ ನೆನಪಾಗಲಿಲ್ಲ. "ಇವ್ಳೇ ತಗಂಡು ತಮ್ಮನ ಮನೆಗೆ ಕೊಟ್ಟವ್ಳೆ" ಅಂತ ಬೀದಿಯಲ್ಲಿ ನಿಂತು ಕೂಗಿದರು. ನೆನಪಿನಲ್ಲಿ ಖಾಲಿ ಜಾಗ ಉಳಿದಾಗ ಮನಸ್ಸು ಅಲ್ಲೊಬ್ಬ ಕಳ್ಳನನ್ನು ಕೂರಿಸುವುದು ಈ ಕಾಯಿಲೆಯಲ್ಲಿ ಬಹಳ ಸಲ ಆಗುತ್ತದೆ, ಮತ್ತು ಆರೋಪ ಬೀಳುವುದು ಹತ್ತಿರ ಇರುವವರ ಮೇಲೇ. ಹಿರಿಯರಿಗೆ ಇದು ಅತ್ತೆ ಸೊಸೆ ಜಗಳವಾಗಿ ಕಂಡಿತು. ಮೊಮ್ಮಗ ಫೋನಿನಲ್ಲಿ, "ಅಮ್ಮ, ಅದೊಂದು ಸಿಂಪ್ಟಮ್ ಅಷ್ಟೇ, ತಲೆಗೆ ಹಾಕ್ಕೋಬೇಡಿ" ಅಂದ. ಓಲೆ ಇಪ್ಪತ್ತು ದಿನದ ಮೇಲೆ ರಾಗಿ ಡ್ರಮ್ಮಿನಲ್ಲಿ ಸಿಕ್ಕಿತು. ಕೂಗಿದ್ದು ಇಡೀ ಬೀದಿಗೆ ಕೇಳಿತ್ತು. ಸಿಕ್ಕಿದ್ದನ್ನು ಯಾರೂ ಬೀದಿಗೆ ಹೇಳಲಿಲ್ಲ. ಸೊಸೆ ನನ್ನ ಮುಂದೆ ಅತ್ತಿದ್ದು ಅದಕ್ಕೊಂದಕ್ಕೇ. ರಾತ್ರಿ ನಿದ್ದೆಗೆಟ್ಟಿದ್ದಕ್ಕಲ್ಲ, ಬಟ್ಟೆ ಒಗೆದಿದ್ದಕ್ಕಲ್ಲ.

ಚಿಕ್ಕವರು ಹೀಗೆ, ಹಿರಿಯರು ಹಾಗೆ ಅಂತ ಮಾತಾಡುವಾಗ ನಡುವಿನ ಈ ನಲವತ್ತೈದರ ಹೆಂಗಸನ್ನು ಕೇಳುವವರಿಲ್ಲ ಅನ್ನುವುದು ನನ್ನ ತಕರಾರು. ಆಕೆಗೆ ಹೆಸರೂ ಗೊತ್ತಿರಲಿಲ್ಲ, ವಯಸ್ಸು ಅಂತ ಸಮಾಧಾನವೂ ಇರಲಿಲ್ಲ. ಮುದ್ದೆ, ಗಂಟು, ಓಲೆ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದ್ದು ಆಕೆ ಮಾತ್ರ.

ಏನು ಬದಲಾಯಿಸಿದೆವು

ತಾತನ ಜೊತೆ ಹೆಸರಿಗಾಗಿ ವಾದ ಮಾಡಲಿಲ್ಲ. ಅವರಿಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. "ಪೊರೆನೂ ವಯಸ್ಸಿಗೇ ಬಂದಿದ್ದಲ್ವಾ ತಾತ, ನೀವು ಬಿಟ್ರಾ?" ಅಂದೆ. "ಅದು ಕಣ್ಣು" ಅಂದರು. ಸ್ವಲ್ಪ ಹೊತ್ತು ಬಿಟ್ಟು "ಬಿಪಿ ಮಾತ್ರೆ ಎಷ್ಟೊತ್ಗೆ ಕೊಡ್ಬೇಕು?" ಅಂತ ಕೇಳಿದರು. ಅಲ್ಲಿಂದ ಮಾತ್ರೆಯ ಜವಾಬ್ದಾರಿ ಅವರದು. ಇವತ್ತಿಗೂ ಅವರು ಡಿಮೆನ್ಷಿಯಾ ಅಂದಿಲ್ಲ. ಅನ್ನಬೇಕಾಗಿಯೂ ಇಲ್ಲ.

ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಪರೀಕ್ಷೆ ಮಾಡಿಸಿದೆವು. ಎರಡೂ ಕಿವಿ ಮಂದ. ಮೊಮ್ಮಗನ 30 ಅಂಕದ ಪರೀಕ್ಷೆಯಲ್ಲಿ ಅರ್ಧ ಪ್ರಶ್ನೆ ಅಜ್ಜಿಗೆ ಕೇಳಿಸಿಯೇ ಇರಲಿಲ್ಲ ಅನ್ನಿಸುತ್ತದೆ. ಕಿವಿಗೆ ಮೆಷಿನ್ ಬಂತು. ಮೊದಲ ವಾರ ಎರಡು ಸಲ ಕಿತ್ತು ಅಡಗಿಸಿಟ್ಟರು, ಒಮ್ಮೆ ಹಾಲಿನ ಕ್ಯಾನಿನಲ್ಲಿ ಸಿಕ್ಕಿತು. ಈಗ ಬೆಳಿಗ್ಗೆ ಹಾಕುವುದು, ಸಂಜೆ ತೆಗೆದು ಡಬ್ಬಿಗಿಡುವುದು ಸೊಸೆಯ ಕೆಲಸ.

ಸಂಜೆಯನ್ನು ಬೇರೆ ಮಾಡಿದೆವು. ಕತ್ತಲಾಗುವ ಮೊದಲೇ, ಐದೂವರೆಗೇ ಎಲ್ಲ ಲೈಟು ಹಾಕುವುದು. ಕಾಫಿ ಮಧ್ಯಾಹ್ನಕ್ಕೇ ನಿಲ್ಲಿಸುವುದು. ಅಜ್ಜಿಯ ಕೈಗೆ ಕೆಲಸ ಕೊಡುವುದು. ಅವರೇಕಾಯಿ ಕಾಲ ಬಂದಾಗ ಮೊರದ ತುಂಬ ನೆನೆಸಿದ ಕಾಳು ಮುಂದಿಟ್ಟರು. ನಾನೂ ಜೊತೆಗೆ ಕೂತಿದ್ದೆ. ವಾರದ ಹೆಸರು ಹೇಳಲಾರದ ಅಜ್ಜಿ ಹೆಬ್ಬೆರಳು ತೋರುಬೆರಳ ನಡುವೆ ಕಾಳು ಹಿಡಿದು ಒಂದು ಒತ್ತು ಒತ್ತಿದರೆ ಬೇಳೆ ಪಟ್ ಅಂತ ಬಟ್ಟಲಿಗೆ, ಸಿಪ್ಪೆ ಇನ್ನೊಂದು ಕಡೆಗೆ. ನನ್ನ ಬೇಳೆ ಎರಡು ಹೋಳಾಗುತ್ತಿತ್ತು. "ಮೆಲ್ಗೆ ಹಿತ್ಕು" ಅಂತ ನನಗೇ ಹೇಳಿಕೊಟ್ಟರು. ಮುದ್ದೆಯಲ್ಲಿ ಆರು ಹಂತ, ಇಲ್ಲಿ ಒಂದೇ. ಕೈಗೆ ಅಂಟಿದ ಒಂದೇ ಹಂತದ ಕೆಲಸ ಬಹಳ ಕಾಲ ಉಳಿಯುತ್ತದೆ.

ಮೊಮ್ಮಗನಿಗೆ ಹೇಳಿದ್ದು ಒಂದೇ. ಭಾನುವಾರ ಬೆಳಿಗ್ಗೆ ಬರಬೇಡ. ಶನಿವಾರ ಸಂಜೆ ಆರಕ್ಕೆ ಬಾ, ರಾತ್ರಿ ಅಜ್ಜಿಯ ಕೋಣೆಯಲ್ಲಿ ಮಲಗು, ತಂಗಿ ಬೇರೆ ಕಡೆ ಮಲಗಲಿ. ಮೊದಲ ಶನಿವಾರ ಅಜ್ಜಿ ಅವನನ್ನು ನೋಡಿ "ಯಾವಾಗ ಬಂದ್ಯಣ್ಣ, ಅವ್ವ ಚೆಂದಾಗವ್ಳಾ?" ಅಂದರು. ನಾನು ಅಣ್ಣ ಅಲ್ಲ ಅನ್ನಲು ಅವನು ಬಾಯಿ ತೆರೆದ, ಅಮ್ಮ ಕಣ್ಸನ್ನೆ ಮಾಡಿದರು. "ಚೆನ್ನಾಗವ್ರೆ" ಅಂದ. ಸೋಮವಾರ ನನಗೆ ಫೋನ್ ಮಾಡಿದಾಗ ಅಮಿಲಾಯ್ಡ್ ಬಗ್ಗೆ ಕೇಳಲಿಲ್ಲ. "ಅಮ್ಮ ದಿನಾ ರಾತ್ರಿ ಮೂರು ಗಂಟೆಗೆ ಎದ್ದೇಳ್ತಾರಾ ಮೇಡಂ?" ಅಂತ ಕೇಳಿದ. ಅದಾದ ಮೇಲೆ ಅಜ್ಜಿಗೆ ಪ್ರಶ್ನೆ ಕೇಳುವುದು ತಾನಾಗಿಯೇ ನಿಂತಿತು.

ತಾತನ ಬಾಯಿ ಊರಿಗೇ ಕಾವಲಾಯಿತು. ಅರಳಿಕಟ್ಟೆಯಲ್ಲಿ ಎಲ್ಲರಿಗೂ ಹೇಳಿದರು, "ನಮ್ಮವ್ಳು ಸಂಜೆ ಹೊತ್ತು ದಾರಿ ತಪ್ತಾಳೆ, ಕಂಡ್ರೆ ಮಾತಾಡ್ಸಿ ಕರ್ಕಬನ್ನಿ." ಅಂಗಡಿಯವನಿಗೆ, ಹಾಲಿನ ಡೈರಿಯವರಿಗೆ, ನಾಲೆಯ ನೀರು ಬಿಡುವ ಸೌಡಿಗೆ, ಎಲ್ಲರಿಗೂ ಗೊತ್ತು. ರವಿಕೆಯ ಒಳಗೆ ಫೋನ್ ನಂಬರ್ ಹೊಲಿಸಿದ್ದು ಮೊಮ್ಮಗಳು. ಹೆಣ್ಣು ನೋಡುವ ಶಾಸ್ತ್ರದ ದಿನವೂ ತಾತ ಯಾರನ್ನೂ ಕೇಳದೆ ಬಂದವರಿಗೆ ಹೇಳಿಬಿಟ್ಟರು. ಮೊಮ್ಮಗ ಆವತ್ತು ತಾತನ ಜೊತೆ ಮಾತು ಬಿಟ್ಟ. ಆ ಸಂಬಂಧ ಕೂಡಲಿಲ್ಲ. ಕಾರಣ ಇದೇನಾ, ಜಾತಕನಾ, ಇನ್ನೇನಾದರೂನಾ ಅಂತ ಅವರು ಹೇಳಲಿಲ್ಲ.

ಓಲೆಯ ವಿಷಯವನ್ನು ಬೀದಿಗೆ ಹೇಳಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ಮಗನ ಜೊತೆ ಒಂದೇ ಒಂದು ಸಲ ಕೂತು ಮಾತಾಡಲು ಸಿಕ್ಕಿತು, ಆಗ ಕೇಳಿದ್ದು ಇದೊಂದನ್ನೇ. ಅವರೇ ಪಕ್ಕದ ಮನೆಗೆ ಹೋಗಿ ದೊಡ್ಡಮ್ಮನಿಗೆ "ಓಲೆ ರಾಗಿ ಡ್ರಮ್ಮಲ್ಲೇ ಇತ್ತು, ಇವ್ಳು ಮುಟ್ಟಿರ್ಲಿಲ್ಲ" ಅಂದು ಬಂದರು. ತಾಯತ ಇನ್ನೂ ಅಜ್ಜಿಯ ತೋಳಿನಲ್ಲೇ ಇದೆ.

ಈಗಿನ ಸ್ಥಿತಿ

ಒಂದು ವರ್ಷದ ಮೇಲಾಗಿದೆ. ಬಿಪಿ ಹತೋಟಿಯಲ್ಲಿದೆ. ಬಿ12 ಸರಿಹೋದ ಮೇಲೆ ಸುಸ್ತು ಕಡಿಮೆಯಾಯಿತು, ನೆನಪು ಮರಳಲಿಲ್ಲ. ಅಜ್ಜಿ ಮತ್ತೆ ನಾಲೆ ಕಡೆ ಹೋಗಿಲ್ಲ. ಆದರೆ ಕಾಯಿಲೆ ತನ್ನ ದಾರಿ ಹಿಡಿದಿದೆ. ಈಗ ಸ್ನಾನಕ್ಕೆ, ಸೀರೆ ಉಡಲು ಇನ್ನೊಬ್ಬರು ಬೇಕು. ಸೊಸೆಗೂ ಬಿಪಿ ಶುರುವಾಗಿದೆ. ವಾರದಲ್ಲಿ ಶನಿವಾರ ಮೊಮ್ಮಗ, ರಜೆಯ ದಿನ ಮಗ, ಉಳಿದ ಐದು ರಾತ್ರಿ ಆಕೆಯದೇ. ಐದನ್ನು ಮೂರಕ್ಕೆ ಇಳಿಸಬೇಕು ಅಂತ ಕೇಳುತ್ತಲೇ ಇದ್ದೇನೆ. ಹಿರಿಯರ ಸಹಾಯವಾಣಿ 14567, ಮನಸ್ಸು ಭಾರವಾದಾಗ ಮಾತಾಡಲು ಟೆಲಿ ಮಾನಸ್ 14416, ಎರಡನ್ನೂ ಅಡುಗೆಮನೆ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದುಕೊಟ್ಟಿದ್ದೇನೆ. ಮಧ್ಯಾಹ್ನದ ಹೊತ್ತಿಗೆ ಊರಿನ ಒಬ್ಬ ಹೆಂಗಸನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುವ ಮಾತು ನಡೆದಿದೆ, ತಾತ ಇನ್ನೂ ಒಪ್ಪಿಲ್ಲ.

ಬಗೆಹರಿಯದೆ ಉಳಿದಿರುವುದು ಇನ್ನೊಂದು. ಅಜ್ಜಿಯ ತವರಿನ ಜಮೀನು. ಅಣ್ಣನ ಮಕ್ಕಳು ಹಕ್ಕು ಬಿಡುಗಡೆ ಪತ್ರ ತಂದಿದ್ದಾರೆ. "ಹೆಬ್ಬೆಟ್ಟು ತಾನೆ, ಒತ್ತಿದ್ರಾಯ್ತು" ಅನ್ನುವುದು ತಾತ. ತಡೆದಿದ್ದು ಮೊಮ್ಮಗ, ಮತ್ತು ಇಲ್ಲಿ ಅವನ ಓದು ನಿಜವಾಗಿ ಕೆಲಸಕ್ಕೆ ಬಂತು. 1872ರ ಭಾರತೀಯ ಒಪ್ಪಂದ ಕಾಯ್ದೆಯ 12ನೇ ಕಲಮಿನ ಪ್ರಕಾರ, ಒಪ್ಪಂದ ಮಾಡುವ ಹೊತ್ತಿನಲ್ಲಿ ಅದು ಏನೆಂದು ಅರ್ಥವಾಗಬೇಕು, ತನಗೆ ಒಳಿತಾ ಕೆಡುಕಾ ಅಂತ ತೂಗಿ ನೋಡುವ ಶಕ್ತಿ ಇರಬೇಕು. ಕಾಯಿಲೆಯ ಹೆಸರು ಬಂದ ಮಾತ್ರಕ್ಕೆ ಆ ಶಕ್ತಿ ಹೋಯಿತು ಅಂತಲ್ಲ, ಆ ಹೊತ್ತಿನಲ್ಲಿ ಇದೆಯಾ ಅನ್ನುವುದು ಪ್ರಶ್ನೆ. ಒಂದು ಬೆಳಿಗ್ಗೆ ಅಜ್ಜಿಯನ್ನು ನಾನೇ ಕೇಳಿದೆ. "ನಮ್ಮಣ್ಣನ ಮಕ್ಳೇ ಉಣ್ಲಿ ಬುಡವ್ವ, ನಂಗ್ಯಾಕೆ" ಅಂದರು, ಸರ್ವೆ ನಂಬರಿನ ಪಕ್ಕದ ಹುಣಸೆ ಮರದ ಗುರುತನ್ನೂ ಹೇಳಿದರು. ಅದೇ ಸಂಜೆ "ಯಾವ ಜಮೀನು?" ಅಂದರು. ಎರಡೂ ಅವರದೇ ಮಾತು. ಬೆಳಿಗ್ಗೆ ಹತ್ತು ಗಂಟೆಗೆ, ಡಾಕ್ಟರು ಮತ್ತು ವಕೀಲರು ಇಬ್ಬರೂ ಇರುವಾಗ, ಬೇರೆ ಬೇರೆ ದಿನ ಎರಡು ಸಲ ಕೇಳಿ ನೋಡೋಣ ಅಂತ ಡಾಕ್ಟರು ಹೇಳಿದ್ದಾರೆ. ಅಣ್ಣನ ಮಕ್ಕಳು ದಸರಾ ಕಳೆದ ಮೇಲೆ ಬರುತ್ತೇವೆ ಅಂದಿದ್ದಾರೆ.